ಬೀಗ ಹಾಕಿದ ಮನೆಯಲ್ಲಿ ಒಂದು ಸಂಸಾರ

ಬೀಗ ಹಾಕಿದ ಮನೆಗೆ ಮೂರು ಸಲ ಹೋಗಬೇಕು ಎಂಬುದು ಸಮೀಕ್ಷೆಯ ನಿಯಮ. ಮೊದಲ ಸಲ ಬೀಗ ಕಂಡರೆ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುವುದು. ಎರಡನೆಯ ಸಲ ಬೇರೆ ಹೊತ್ತಿನಲ್ಲಿ ಹೋಗುವುದು. ಮೂರನೆಯ ಸಲವೂ ಬೀಗವೇ ಇದ್ದರೆ ಅಕ್ಕಪಕ್ಕದವರನ್ನು ವಿಚಾರಿಸಿ ‘ಖಾಲಿ’ ಎಂದು ಬರೆದು ಮುಗಿಸುವುದು. ಬಿಸಿಲಿಗೆ ಬೇಸತ್ತವರು ಎರಡನೆಯ ಭೇಟಿಯನ್ನೇ ಮೂರನೆಯದೆಂದು ಬರೆದುಕೊಳ್ಳುವುದುಂಟು. ನಾನು ಹಾಗೆ ಮಾಡುತ್ತಿರಲಿಲ್ಲ. ನನ್ನ ಆ ಶಿಸ್ತಿನಿಂದಲೇ ಒಂದು ಸಂಸಾರ ಬೀದಿಗೆ ಬಿತ್ತು.

ಆಗ ನನ್ನ ಕಚೇರಿ ವಡೋದರಾದ ಅಲ್ಕಾಪುರಿಯಲ್ಲಿತ್ತು. ಹಳ್ಳಿಗಳಲ್ಲಿ ಜನ ಎಂಥ ಮನೆಯಲ್ಲಿ ವಾಸವಾಗಿದ್ದಾರೆ ಎಂಬುದರ ಸಮೀಕ್ಷೆ ನಡೆಯುತ್ತಿತ್ತು. ನನ್ನ ಪಾಲಿಗೆ ಬಂದ ಹಳ್ಳಿ ಆಣಂದದ ಕಡೆ, ತಂಬಾಕು ಬೆಳೆಯುವ ಸೀಮೆಯಲ್ಲಿತ್ತು. ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತು. ಬಸ್ಸಿಳಿದು ಊರಿನ ವಾಯವ್ಯ ಮೂಲೆಯಿಂದ ಹೊರಟು, ಒಂದೊಂದು ಬಾಗಿಲ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತ, ಟ್ಯಾಬಿನಲ್ಲಿ ಪಟ್ಟಿ ಮಾಡುತ್ತ ಹೋಗುವುದು ಮೊದಲ ಹಂತ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಗಾಬರಿಯಾಯಿತು. ಇಡೀ ಓಣಿಗಳಿಗೇ ಬೀಗ ಬಿದ್ದಿತ್ತು. ಕೆತ್ತನೆಯ ಕಂಬಗಳ ಹಳೆಯ ಮನೆಗಳಿಗೂ ಬೀಗ, ಅವುಗಳ ಪಕ್ಕದಲ್ಲೇ ಎದ್ದ ಗಾಜಿನ ಬಾಲ್ಕನಿಯ ಹೊಸ ಬಂಗಲೆಗಳಿಗೂ ಬೀಗ. ಬೀಗವಿಲ್ಲದ ಮನೆಯವರು ಎದುರು ಮನೆಯ ಕಡೆ ಕೈ ತೋರಿಸಿ ಹೇಳುತ್ತಿದ್ದರು: “ಅವರು ಅಹಮದಾಬಾದಿನಲ್ಲಿದ್ದಾರೆ. ಇವರು ಸೂರತ್‌ನಲ್ಲಿ. ಆ ಮೂಲೆಯವರು ಲಂಡನ್. ದೀಪಾವಳಿಗೆ, ಸಂಕ್ರಾಂತಿಯ ಗಾಳಿಪಟದ ಹಬ್ಬಕ್ಕೆ ಬರ್ತಾರೆ ಬೆನ್. ನಾಲ್ಕು ದಿನ ಇದ್ದು ಹೋಗ್ತಾರೆ.” ಬೆನ್ ಎಂದರೆ ಅವರ ಮಾತಿನಲ್ಲಿ ಅಕ್ಕ.

ಇಷ್ಟು ಮನೆಗಳಿದ್ದೂ ಆ ಊರಲ್ಲಿ ಬಾಡಿಗೆಗೆ ಒಂದು ಮನೆ ಸಿಗುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ದಿನಾ ಆಣಂದದಿಂದ ಬೈಕಿನಲ್ಲಿ ಬರುತ್ತಿದ್ದರು. ಆರೋಗ್ಯ ಕೇಂದ್ರದ ನರ್ಸು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ತಂಬಾಕು ಹದ ಮಾಡುವ ಕಣಗಳಲ್ಲಿ ದುಡಿಯಲು ಗುಡ್ಡಗಾಡಿನ ದಾಹೋದ್ ಕಡೆಯಿಂದ ಬಂದ ಕೂಲಿಯವರು ಆ ಕಣಗಳ ಗೋಡೆಗೆ ಆನಿಸಿ ತಗಡು ಕಟ್ಟಿಕೊಂಡಿದ್ದರು. ನಮ್ಮ ನಮೂನೆಯಲ್ಲಿ ಇದನ್ನು ಬರೆಯುವುದಕ್ಕೆ ಜಾಗವಿರಲಿಲ್ಲ. ಮನೆ ಎಂಥದು ಎಂದು ಕೇಳುತ್ತಿತ್ತೇ ಹೊರತು ಮನೆ ಯಾಕಿಲ್ಲ ಎಂದು ಅದು ಕೇಳುತ್ತಿರಲಿಲ್ಲ.

ಊರಿನ ತುದಿಯಲ್ಲಿ ಒಂದು ಎರಡಂತಸ್ತಿನ ಮನೆ. ಮೊದಲ ಭೇಟಿಯಲ್ಲಿ ಬೀಗ, ಎರಡನೆಯದರಲ್ಲೂ ಬೀಗ. ಮೂರನೆಯ ಸಲ ಹೋದಾಗ ಬೆಳಗಿನ ಒಂಬತ್ತು ಗಂಟೆ. ಮುಂಬಾಗಿಲಿಗೆ ಅದೇ ಬೀಗ. ‘ಖಾಲಿ’ ಎಂದು ಒತ್ತುವ ಮೊದಲು ಸುತ್ತ ಒಮ್ಮೆ ನೋಡೋಣವೆಂದು ಹಿತ್ತಲಿಗೆ ಹೋದೆ. ಹಿಂಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಮೇಲೆ ಕುಳಿತು ಒಬ್ಬ ಹೆಂಗಸು ಮಗಳ ತಲೆ ಬಾಚುತ್ತಿದ್ದಳು. ಹುಡುಗಿ ಶಾಲೆಯ ಸಮವಸ್ತ್ರದಲ್ಲಿದ್ದಳು. ಇನ್ನೂ ಚಿಕ್ಕವಳೊಬ್ಬಳು ಒಳಗಿನಿಂದ ಇಣುಕಿದಳು. ನನ್ನನ್ನು ಕಂಡದ್ದೇ ಹೆಂಗಸು ಎದ್ದು ಬಾಗಿಲು ಎಳೆದುಕೊಂಡಳು.

“ನಾವು ಇಲ್ಲಿಲ್ಲ ಬೆನ್, ಹಿಂದಿನ ಶೆಡ್‌ನಲ್ಲಿದ್ದೀವಿ. ಮನೆ ಗುಡಿಸೋಕೆ ಬಂದೆ,” ಎಂದಳು.

ಹಿಂದಿನ ಶೆಡ್ಡು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಮೂರು ಗೋಡೆಗಳಿದ್ದವು, ಮೇಲೆ ಏನೂ ಇರಲಿಲ್ಲ. ಮುರಿದ ಸಿಮೆಂಟ್ ಶೀಟುಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ನಡುವೆ ಮೂರು ಕಲ್ಲಿನ ಒಲೆ, ಅದರ ಮೇಲೆ ಪಾತ್ರೆ.

ಇಂಥಲ್ಲಿ ಹೇಳಬೇಕಾದ ಮಾತು ನನಗೆ ಬಾಯಿಪಾಠ. ಹೊಸಬರಿಗೆ ತರಬೇತಿ ಕೊಡುವಾಗ ನಾನೇ ಹೇಳಿಕೊಡುತ್ತಿದ್ದೆ. ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತು ಹೇಳಿದೆ: “ನೋಡಿ ಬೆನ್, ಇದು ಸಮೀಕ್ಷೆ. ನೀವು ಹೇಳಿದ್ದು ನಾನು ಬರೆದುಕೊಳ್ತೀನಿ, ಅಷ್ಟೆ. ಪಂಚಾಯ್ತಿಗೆ ಹೋಗಲ್ಲ, ಪೊಲೀಸರಿಗೆ ಹೋಗಲ್ಲ, ಮನೆ ಯಜಮಾನರಿಗೂ ಹೋಗಲ್ಲ. ಹಾಗೆ ಕೊಡೋದು ಕಾನೂನಿನ ಪ್ರಕಾರ ತಪ್ಪು.”

ಅವಳು ಸ್ವಲ್ಪ ಹೊತ್ತು ನನ್ನ ಕೊರಳಿನ ಗುರುತಿನ ಚೀಟಿಯನ್ನು ನೋಡಿದಳು. ಆಮೇಲೆ ಹೇಳಿದಳು.

ಗಂಡ ತಂಬಾಕಿನ ಕಣದಲ್ಲಿ ಕೂಲಿ. ಈ ಮನೆಯನ್ನು ನೋಡಿಕೊಳ್ಳುವುದು ಇಬ್ಬರದೂ ಕೆಲಸ: ಸಂಜೆ ದೀಪ ಹಾಕುವುದು, ಅಂಗಳ ಗುಡಿಸುವುದು, ಗಿಡಕ್ಕೆ ನೀರು. ಅದಕ್ಕೆ ಬದಲಾಗಿ ಹಿಂದಿನ ಶೆಡ್ಡಿನಲ್ಲಿ ಇರಬಹುದು. ಮಳೆಗಾಲದ ಕೊನೆಯಲ್ಲಿ ಒಂದು ರಾತ್ರಿ ಗಾಳಿಗೆ ಛಾವಣಿ ಬಿತ್ತು. ಚಿಕ್ಕ ಮಗಳಿಗೆ ಜ್ವರವಿತ್ತು. ಗುಡಿಸುವುದಕ್ಕೆಂದು ಕೊಟ್ಟಿದ್ದ ಹಿಂಬಾಗಿಲ ಕೀಲಿ ಕೈಯಲ್ಲಿತ್ತು. ಒಳಗೆ ಬಂದರು. ಯಜಮಾನನಿಗೆ ಹೇಳೋಣ ಹೇಳೋಣ ಎಂದುಕೊಂಡರು. ಹೇಳಿದರೆ ‘ಹೊರಗೆ ಹೋಗಿ’ ಎಂದಾರು ಎಂಬ ಭಯಕ್ಕೆ ಹೇಳಲಿಲ್ಲ. ದೀಪಾವಳಿಗೆ ಆತ ಬಂದ ನಾಲ್ಕು ದಿನ ಶೆಡ್ಡಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಲ್ಲಿ ಮಲಗಿದರು. ಆತ ಹಿತ್ತಲಿಗೆ ಬರಲಿಲ್ಲ.

“ಅಡುಗೆಮನೇಲಿ ಮಾತ್ರ ಇದ್ದೀವಿ. ಬೇರೆ ಕೋಣೆ ಮುಟ್ಟಿಲ್ಲ, ಬೇಕಾದ್ರೆ ನೋಡಿ,” ಎಂದಳು.

ನೋಡಿದೆ. ಅಡುಗೆಮನೆಯೇ ನಾನು ವಡೋದರಾದಲ್ಲಿ ಬಾಡಿಗೆಗಿದ್ದ ಮನೆಯ ಹಾಲಿನಷ್ಟಿತ್ತು. ನೆಲಕ್ಕೆ ಬಿಳಿ ಮಾರ್ಬಲ್. ಒಂದು ಮೂಲೆಯಲ್ಲಿ ಚಾಪೆ, ರಗ್ಗು, ಬಟ್ಟೆಯ ಗಂಟು. ಕಟ್ಟೆಯ ಮೇಲೆ ದೊಡ್ಡ ಮಗಳ ಪಾಠಪುಸ್ತಕಗಳು. ಅಡುಗೆ ಮಾತ್ರ ಹೊರಗೆ, ಛಾವಣಿಯಿಲ್ಲದ ಶೆಡ್ಡಿನಲ್ಲಿ. ಒಳಗೆ ಹೊತ್ತಿಸಿದರೆ ಗೋಡೆ ಕಪ್ಪಾಗುತ್ತದಲ್ಲ. ಮನೆಯಲ್ಲಿ ನಾಲ್ಕು ಶೌಚಾಲಯಗಳಿದ್ದವು, ನಾಲ್ಕೂ ಬೀಗ ಹಾಕಿದ ಕೋಣೆಗಳ ಒಳಗೆ. ಇವರು ಹೊಲಕ್ಕೆ ಹೋಗುತ್ತಿದ್ದರು.

ಒಂದೇ ಒಲೆಯಲ್ಲಿ ಉಂಡು ಒಂದೆಡೆ ವಾಸಿಸುವವರು ಒಂದು ಸಂಸಾರ ಎಂಬುದು ನಮ್ಮ ವ್ಯಾಖ್ಯೆ. ಇವರದು ಸಂಸಾರವೇ. ಪಟ್ಟಿಗೆ ಸೇರಿಸಿದೆ. ಪಟ್ಟಿ ಮುಗಿದ ಮೇಲೆ ಟ್ಯಾಬು ತಾನೇ ಚೀಟಿ ಎತ್ತಿದ ಹಾಗೆ ಕೆಲವು ಸಂಸಾರಗಳನ್ನು ದೊಡ್ಡ ನಮೂನೆಗೆ ಆರಿಸಿ ಕೊಡುತ್ತದೆ. ಅದರಲ್ಲಿ ಇವರ ನಂಬರೂ ಬಂತು. ಮರುದಿನ ಹೋಗಿ ಎರಡು ಗಂಟೆ ಕುಳಿತು ಎಲ್ಲ ಕೇಳಿದೆ. “ಅಡುಗೆಮನೆ ಪ್ರತ್ಯೇಕ ಇದೆಯಾ?” ಎಂದು ಕೇಳಿದಾಗ ಅವಳು ನಕ್ಕುಬಿಟ್ಟಳು. ನನಗೂ ನಗು ಬಂತು. ನೆಲ ಎಂಥದು ಎಂಬಲ್ಲಿ ಮಾರ್ಬಲ್ ಎಂದು ಹಾಕಿದೆ. ಯಾವ ಹಕ್ಕಿನ ಮೇಲೆ ವಾಸ ಎಂಬಲ್ಲಿ ಸ್ವಲ್ಪ ಯೋಚಿಸಿ ‘ಕೆಲಸ ಕೊಟ್ಟವರು ಒದಗಿಸಿದ್ದು’ ಎಂದು ಹಾಕಿದೆ. ಹೊರಡುವಾಗ ಅವಳು ಹಿತ್ತಲಲ್ಲಿ ಬೆಳೆದ ಮೆಂತೆಸೊಪ್ಪು ಒಂದು ಹಿಡಿ ಕೊಟ್ಟಳು.

ವಾರದ ಮೇಲೆ ಅಹಮದಾಬಾದಿನಿಂದ ಫೋನು ಬಂತು. ಅಲ್ಲಿ ಕುಳಿತು ನಮ್ಮ ನಮೂನೆಗಳನ್ನು ಪರಿಶೀಲಿಸುವ ಅಧಿಕಾರಿ ವಿಜಯಪುರದವರು. ಗುಜರಾತಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತಿಗೆ ಬೇರೆ ಯಾವ ಊರಿನ ಗಾಳಿಯೂ ತಾಗಿರಲಿಲ್ಲ. ನಾನು ಹಾಸನದವಳು. ನಮ್ಮಿಬ್ಬರ ಕನ್ನಡ ಕೇಳಿ ಕಚೇರಿಯವರು ಇವೆರಡೂ ಒಂದೇ ಭಾಷೆಯೇ ಎಂದು ಕೇಳುತ್ತಿದ್ದರು.

“ಮೇಡಂ, ನಮಸ್ಕಾರ್ರೀ. ನಿಮ್ಮದೊಂದು ನಮೂನಿ ನೋಡಾಕತ್ತೀನಿ. ಕೂಲಿ ಮಾಡೋ ಮಂದಿ, ಮನ್ಯಾಗ ಸೈಕಲ್ಲೂ ಇಲ್ಲ. ನೆಲ ನೋಡಿದ್ರ ಮಾರ್ಬಲ್! ಏನ್ ತಪ್ಪಿ ಒತ್ತೀರೇನು?”

“ಇಲ್ಲ ಸರ್, ಸರಿಯಾಗೇ ಇದೆ. ಕಾವಲಿನವರು. ಯಜಮಾನರ ಮನೆಯ ಅಡುಗೆಮನೆಯಲ್ಲಿದ್ದಾರೆ.”

“ಮತ್ತ ‘ಒದಗಿಸಿದ್ದು’ ಅಂತ ಹಾಕೀರಲ್ಲ. ಮಾಲಕ ಕೊಟ್ಟಾನೇನು?”

ನಾನು ತಡವರಿಸಿದೆ. “ಹಿಂದಿನ ಶೆಡ್ಡು ಕೊಟ್ಟಿದ್ದರು ಸರ್…”

“ಶೆಡ್ ಬ್ಯಾರೆ, ಮನಿ ಬ್ಯಾರೆ. ಇನ್ನೊಮ್ಮಿ ವಿಚಾರ್ಸಿ ಒಂದು ಟಿಪ್ಪಣಿ ಬರದು ಕಳಸ್ರೀ. ಗಡಿಬಿಡಿ ಏನಿಲ್ಲ.”

ಅವರು ಕೇಳಿದ್ದು ಇಷ್ಟೆ. ಆ ಹೆಂಗಸು ಹೇಳಿದ್ದನ್ನೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಯಾವ ನಮೂನೆಯೂ ಎರಡು ಸಲ ವಾಪಸು ಬಂದದ್ದಿಲ್ಲ ಎಂಬ ಹೆಮ್ಮೆ ನನಗಿತ್ತು. ಇನ್ನೊಂದು ಬಾಯಿಂದಲೂ ಮಾತು ಬಂದರೆ ಟಿಪ್ಪಣಿ ಗಟ್ಟಿಯಾಗುತ್ತದೆ ಎನಿಸಿತು. ಯಜಮಾನನ ಚಿಕ್ಕಪ್ಪನ ಮಗ ಅದೇ ಊರಿನಲ್ಲಿದ್ದ. ಬಸ್ ನಿಲ್ದಾಣದ ಎದುರು ಗೊಬ್ಬರದ ಅಂಗಡಿ. ಮನೆಯ ಮುಂಬಾಗಿಲ ಕೀಲಿ ಇದ್ದದ್ದು ಅವನ ಬಳಿ. ಏನನ್ನೂ ಬಿಟ್ಟುಕೊಡದೆ ಕೇಳುವ ಚಾಕಚಕ್ಯತೆ ನನಗಿದೆ ಎಂದುಕೊಂಡೇ ಅಂಗಡಿಗೆ ಹೋದೆ.

ಅವನು ಕುರ್ಚಿ ಹಾಕಿ ಚಹಾ ತರಿಸಿದ.

“ನಿಮ್ಮ ಅಣ್ಣನವರ ಮನೆ ನೋಡಿಕೊಳ್ಳುವವರಿಗೆ ಇರೋದಕ್ಕೆ ಏನು ಕೊಟ್ಟಿದ್ದಾರೆ ಭಾಯಿ?” ಎಂದೆ.

“ಹಿಂದೆ ಶೆಡ್ ಇದೆಯಲ್ಲ ಬೆನ್. ಯಾಕೆ?”

“ಸುಮ್ಮನೆ, ಬರೆದುಕೊಳ್ಳೋದಕ್ಕೆ. ಶೆಡ್ಡು ಮಾತ್ರವಾ?”

ಅವನು ಚಹಾದ ಲೋಟ ಕೆಳಗಿಟ್ಟ. “ಮಾತ್ರ ಅಂದ್ರೆ? ಒಳಗೆ ಸೇರಿಕೊಂಡಿದ್ದಾರಾ?”

‘ಇಲ್ಲ’ ಎನ್ನಬಹುದಿತ್ತು. ‘ಯಾರ ವಿಷಯವನ್ನೂ ನಾನು ಹೇಳುವಂತಿಲ್ಲ’ ಎಂದು ನಿಯಮ ಹೇಳಬಹುದಿತ್ತು. ‘ನನಗೇನು ಗೊತ್ತು’ ಎಂದು ನಕ್ಕುಬಿಡಬಹುದಿತ್ತು. ನಾನು ಇದ್ಯಾವುದನ್ನೂ ಮಾಡಲಿಲ್ಲ. ತಲೆ ತಗ್ಗಿಸಿ ಟ್ಯಾಬಿನ ಮೇಲೆ ಏನನ್ನೋ ಒತ್ತಿದೆ. ಪರದೆ ಆರಿಹೋಗಿತ್ತು. ಅದೂ ಅವನಿಗೆ ಕಾಣುತ್ತಿತ್ತು.

“ಗೊತ್ತಾಯ್ತು ಬಿಡಿ,” ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಸ್ಸು ಬರುವವರೆಗೆ ತಂಬಾಕಿನ ಬೆಳೆಯ ಬಗ್ಗೆ ಮಾತಾಡಿದ.

ಸಂಜೆ ಟಿಪ್ಪಣಿ ಬರೆದು ಕಳಿಸಿದೆ. ವಿಜಯಪುರದವರು ಮರುದಿನವೇ ಒಪ್ಪಿಕೊಂಡರು. “ಚೊಲೊ ಬರದೀರಿ ಮೇಡಂ,” ಎಂದರು.

ಉಳಿದ ಸಂಸಾರಗಳ ಕೆಲಸ ಬಾಕಿ ಇತ್ತು. ನಾಲ್ಕು ದಿನದ ಮೇಲೆ ಊರಿಗೆ ಹೋದಾಗ ಕಣದ ಗೋಡೆಯ ಬದಿಯಲ್ಲಿ, ಬೇವಿನ ಮರದ ಕೆಳಗೆ, ಆ ಚಾಪೆ, ರಗ್ಗು, ಬಟ್ಟೆಯ ಗಂಟು ಕಂಡವು. ಚಿಕ್ಕ ಮಗಳು ಗಂಟಿಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಅವಳ ಮೈಮೇಲೆ ಅಪ್ಪನ ಅಂಗಿ ಹೊದಿಸಿತ್ತು. ತಾಯಿ ನನ್ನನ್ನು ನೋಡಿ ಎದ್ದು ನಿಂತಳು.

“ನೀವು ಹೇಳಿದ್ರಾ ಬೆನ್?”

“ಇಲ್ಲ, ನಾನು ಹೇಳಲಿಲ್ಲ. ಅವರೇ ಕೇಳಿದರು…”

“ಆಗ ನೀವು ಇಲ್ಲ ಅನ್ನಲಿಲ್ಲ.”

ನಾನು ಅಂಗಡಿಗೆ ಹೋಗಿದ್ದರ ಮರುದಿನ ಬೆಳಿಗ್ಗೆಯೇ ಗೊಬ್ಬರದಂಗಡಿಯವನು ಬಂದನಂತೆ. ಹಿಂಬಾಗಿಲಿಗೆ ಹೊಸ ಬೀಗ ಹಾಕಿದ. ಶೆಡ್ಡನ್ನೂ ಬಿಡಿ ಎಂದ. ಬೈಯಲಿಲ್ಲ, ಹೊಡೆಯಲಿಲ್ಲ. “ಮನೆಯೊಳಗೆ ಮಲಗಿದವರನ್ನ ಮತ್ತೆ ಕಾವಲಿಗೆ ಇಡೋದು ಹೇಗೆ?” ಎಂದನಂತೆ. ಕಣದ ಮೇಸ್ತ್ರಿ ಒಂದು ವಾರ ಮರದ ಕೆಳಗೆ ಇರಲು ಬಿಟ್ಟಿದ್ದ. ದೊಡ್ಡ ಮಗಳು ಶಾಲೆಗೆ ಹೋಗಿದ್ದಳು. ಅದೊಂದನ್ನು ಮಾತ್ರ ಅವರು ತಪ್ಪಿಸಿರಲಿಲ್ಲ.

ಅವತ್ತು ನಾನು ಸಮೀಕ್ಷೆ ಮಾಡಲಿಲ್ಲ. ಯಾವ ಮನೆಗೆ ಬೀಗ, ಯಾರ ಕೀಲಿ ಯಾರ ಹತ್ತಿರ ಎಂಬುದು ಆ ಊರಿನಲ್ಲಿ ನನ್ನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದೇ ಪಟ್ಟಿ ಹಿಡಿದು ಮನೆಯಿಂದ ಮನೆಗೆ ಅಲೆದೆ. ಒಂದು ಕೋಣೆ ಸಾಕು, ಬಾಡಿಗೆ ಕೊಡುತ್ತಾರೆ, ಹೊಣೆ ನನ್ನದು ಎಂದೆ. ಒಬ್ಬರು, ಮಗಳ ಮದುವೆಗೆ ಬೇಕಾಗುತ್ತದೆ ಎಂದರು. ಮಗಳು ಆಗ ಸೂರತ್‌ನಲ್ಲಿ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಇನ್ನೊಬ್ಬರು, ವಡೋದರಾದ ಡಾಕ್ಟರೊಬ್ಬರು ಶನಿವಾರ ಭಾನುವಾರ ಬಂದು ಇರೋದಕ್ಕೆ ನೋಡಿ ಹೋಗಿದ್ದಾರೆ, ಮಾತು ನಡೆಯುತ್ತಿದೆ ಎಂದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, “ನಿನಗೆ ಬೇಕಾದ್ರೆ ಬಾ ಮಗಳೇ, ಇಡೀ ಮೇಲಂತಸ್ತು ಕೊಡ್ತೀನಿ, ಬಾಡಿಗೇನೂ ಬೇಡ. ಜನ ಓಡಾಡಿದ್ರೆ ಮನೆಗೆ ಕಳೆ,” ಎಂದರು. ಬೇಕಾದದ್ದು ನನಗಲ್ಲ, ಇಂಥವರಿಗೆ ಎಂದೆ. ಕೈ ಬಿಟ್ಟರು. “ಅವರಾ? ಅವರನ್ನ ಓಣಿಯೊಳಗೆ ಹೇಗೆ ಇಟ್ಟುಕೊಳ್ಳೋದು?”

ನಾನು ವಡೋದರಾಕ್ಕೆ ಬಂದಾಗ ಮನೆಯ ಮಾಲೀಕರು ಎರಡೇ ಪ್ರಶ್ನೆ ಕೇಳಿದ್ದರು. ಸರ್ಕಾರಿ ಕೆಲಸವಾ? ಮಾಂಸ ತಿನ್ನುತ್ತೀರಾ? ಎರಡಕ್ಕೂ ಅವರಿಗೆ ಬೇಕಾದ ಉತ್ತರ ನನ್ನಲ್ಲಿತ್ತು. ಒಂದು ಗಂಟೆಯಲ್ಲಿ ಕೀಲಿ ಸಿಕ್ಕಿತ್ತು. ಆ ಕೀಲಿಯ ಬಗ್ಗೆ ಅವತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಉಳಿದ ದಾರಿ ಒಂದೇ. ಮರುದಿನ ರಜೆ ಹಾಕಿ ಬೆಳಗಿನ ರೈಲಿನಲ್ಲಿ ಅಹಮದಾಬಾದಿಗೆ ಹೋದೆ. ಮನೆಯ ಯಜಮಾನನ ಫ್ಲಾಟು ಬೋಡಕ್‌ದೇವ್‌ನಲ್ಲಿ. ವಿಳಾಸ ಗೊಬ್ಬರದಂಗಡಿಯವನೇ ಕೊಟ್ಟಿದ್ದ. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ಯಂತ್ರದ ಬಿಡಿಭಾಗಗಳ ಕಾರ್ಖಾನೆ ಇತ್ತು. ಹಳ್ಳಿಯ ಮನೆಯ ದೊಡ್ಡ ಫೋಟೋ ಹಾಲಿನ ಗೋಡೆಯ ಮೇಲಿತ್ತು. ಎದುರಿನ ಸೋಫಾದಲ್ಲಿ ಕುಳಿತು, ನಾನು ಅಧಿಕಾರಿಯಾಗಿ ಬಂದಿಲ್ಲ, ಮನುಷ್ಯಳಾಗಿ ಬಂದಿದ್ದೇನೆ ಎಂದೆ. ಛಾವಣಿ ಬಿದ್ದದ್ದು, ಮಗುವಿಗೆ ಜ್ವರ ಬಂದದ್ದು, ಒಲೆಯನ್ನು ಹೊರಗೇ ಇಟ್ಟದ್ದು, ಎಲ್ಲ ಹೇಳಿದೆ.

“ನನಗೆ ಅವರ ಮೇಲೆ ಸಿಟ್ಟಿಲ್ಲ ಬೆನ್,” ಎಂದ. “ಅವನು ನಿಯತ್ತಿನ ಮನುಷ್ಯ. ಒಂದು ಮಾತು ಹೇಳಿದ್ರೆ ನಾನೇ ಶೀಟ್ ಹಾಕಿಸ್ತಿದ್ದೆ. ಆದ್ರೆ ಮನೆಯೊಳಗೆ ಬಂದವರನ್ನ ಹೊರಗೆ ಕಳಿಸೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ನಮ್ಮ ಮಾವನ ಮನೆಯ ಕೇಸು ಇವತ್ತಿಗೂ ಕೋರ್ಟಿನಲ್ಲಿದೆ.”

ಆಮೇಲೆ ಸ್ವಲ್ಪ ಮುಂದೆ ಬಾಗಿ ಕೇಳಿದ: “ಒಂದು ವಿಷಯ ಹೇಳಿ. ನಿಮ್ಮ ದಾಖಲೆಯಲ್ಲಿ ನನ್ನ ಮನೆಯಲ್ಲಿ ಯಾರು ವಾಸ ಇದ್ದಾರೆ ಅಂತ ಇದೆ?”

“ಅದನ್ನ ಯಾರಿಗೂ ಹೇಳುವಂತಿಲ್ಲ.”

“ನನ್ನ ತಮ್ಮನಿಗೆ ಗೊತ್ತಾಯ್ತಲ್ಲ,” ಎಂದು ಮೆಲ್ಲಗೆ ನಕ್ಕ.

ಆ ದಾಖಲೆಗೂ ಆಸ್ತಿಯ ಹಕ್ಕಿಗೂ ಯಾವ ಸಂಬಂಧವೂ ಇಲ್ಲ, ಅದು ಲೆಕ್ಕಾಚಾರಕ್ಕೆ ಮಾತ್ರ, ಕೊನೆಗೆ ಹೆಸರುಗಳೂ ಉಳಿಯುವುದಿಲ್ಲ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ನೀವು ಹೇಳ್ತೀರಿ. ಆದ್ರೂ ಅದು ಸರ್ಕಾರದ ಕಾಗದ. ನಾಳೆ ಯಾವನೋ ವಕೀಲ ಹೊರಗೆ ತೆಗೀತಾನೆ. ಒಂದು ಕೆಲಸ ಮಾಡೋಣ. ನನ್ನ ಮನೆ ಖಾಲಿ ಇದೆ, ಬೀಗ ಹಾಕಿದೆ ಅಂತ ಬರೀರಿ. ಅದೇನೂ ಸುಳ್ಳಲ್ಲ, ಈಗ ಬೀಗವೇ ಹಾಕಿದೆ. ನಾನು ಈ ವಾರದಲ್ಲೇ ಶೆಡ್ಡಿಗೆ ಹೊಸ ಶೀಟ್ ಹಾಕಿಸಿ ಅವರನ್ನ ವಾಪಸ್ ಕರೆಸ್ತೀನಿ. ನನ್ನ ಮಾತು.”

ಮಾತಿಗೆ ತಪ್ಪುವವನಂತೆ ಅವನು ಕಾಣಲಿಲ್ಲ. ನಾನು ತಕ್ಷಣ ಹೇಳಿದೆ: “ಆಗಲ್ಲ. ಸಮೀಕ್ಷೆಯ ದಿನ ಕಂಡದ್ದನ್ನ ಬದಲಾಯಿಸೋದಕ್ಕೆ ಬರಲ್ಲ.”

“ಯೋಚನೆ ಮಾಡಿ,” ಎಂದ. “ಯೋಚಿಸೋದಕ್ಕೇನಿಲ್ಲ,” ಎಂದು ಎದ್ದು ಬಂದೆ.

ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಹೇಳಲು ನಾಚಿಕೆಯಾಗುತ್ತದೆ, ಆ ಒಂದೂವರೆ ಗಂಟೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಒಮ್ಮೆ ಸಡಿಲಬಿಟ್ಟೆ, ಎರಡನೆಯ ಸಲ ಬಾಗಲಿಲ್ಲ ಎಂದುಕೊಂಡೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ರೈಲ್ವೆಯಲ್ಲಿ ಸಿಗ್ನಲ್ ವಿಭಾಗದವರು, ನಿಯಮದ ಮನುಷ್ಯ. “ನೀನು ಮಾಡಿದ್ದು ಸರಿ,” ಎಂದರು. ನಮ್ಮ ಮಗಳು ಪಕ್ಕದಲ್ಲೇ ಕುಳಿತಿದ್ದಳು, ಗುಜರಾತಿನಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗದೆ ಗುಜರಾತಿಯಲ್ಲಿ ಕೇಳಿದಳು: “ಹಾಗಾದ್ರೆ ಆ ಹುಡುಗಿಯರು ಈಗ ಎಲ್ಲಿ ಮಲಗ್ತಾರೆ?” ನಾಳೆ ಏನಾದರೂ ವ್ಯವಸ್ಥೆಯಾಗುತ್ತದೆ ಎಂದೆ.

ಮರುದಿನ ಊರಿಗೆ ಹೋದೆ. ಕಣದ ಗೋಡೆಯ ಬಳಿ ಗಂಡ ಹೆಂಡತಿ ಇಬ್ಬರೂ ಇದ್ದರು. ಗಂಡನನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ತಂಬಾಕಿನ ಧೂಳಿಗೆ ಕಣ್ಣು ಕೆಂಪಾಗಿದ್ದವು, ನಡುನಡುವೆ ಕೆಮ್ಮುತ್ತಿದ್ದ. ಯಜಮಾನ ಹೇಳಿದ್ದನ್ನು, ನಾನು ಒಪ್ಪದ್ದನ್ನು ಮುಚ್ಚಿಡದೆ ಹೇಳಿದೆ. ನನ್ನ ಕಷ್ಟ ಅವರಿಗೆ ಅರ್ಥವಾದೀತು ಎಂದುಕೊಂಡಿದ್ದೆ.

ಹೆಂಗಸು ನನ್ನ ಕೈಯ ಟ್ಯಾಬಿನ ಕಡೆ ನೋಡಿದಳು. “ಏನು ಬದಲಾಯಿಸಬೇಕಿತ್ತು ಬೆನ್?” ಎಂದಳು.

“ಒಂದು ಕೋಡು. ಅಂಕಿ ಇರುತ್ತೆ, ಅದನ್ನ.”

“ಒಂದು ಅಂಕಿಗಾ?”

ಗಂಡ ಅವಳ ಭುಜ ಮುಟ್ಟಿ, “ಬಿಡು, ಅವರ ನೌಕರಿ ಅದು,” ಎಂದ.

ಅವಳು ಬೈದಿದ್ದರೆ ಬಹುಶಃ ನಾನು ನನ್ನ ನಿಯಮದ ಹಿಂದೆಯೇ ನಿಂತಿರುತ್ತಿದ್ದೆ. ಗಂಡ ನನ್ನ ಪರವಾಗಿ ಮಾತಾಡಿದ್ದು ತಡೆಯಲಾಗಲಿಲ್ಲ. ರಸ್ತೆಗೆ ಬಂದು ಅಹಮದಾಬಾದಿಗೆ ಫೋನು ಮಾಡಿದೆ. ನಮೂನೆಯನ್ನು ಮತ್ತೆ ನನ್ನ ಕಡೆ ತೆರೆದು ಕೊಡಬಹುದೇ ಎಂದು ವಿಜಯಪುರದವರನ್ನು ಕೇಳಿದೆ. ಕಾರಣವನ್ನೂ ಹೇಳಿದೆ.

“ಮೇಡಂ, ಇದನ್ನ ನೀವು ನನಗ ಹೇಳಿಲ್ಲ, ನಾ ಕೇಳಿಲ್ಲ. ‘ಭೇಟಿಯಲ್ಲಿ ತಪ್ಪಾಗಿದೆ’ ಅಂತ ಒಂದು ಸಾಲು ಬರದು ಕಳಸ್ರೀ, ತೆರೀತೀನಿ. ಆದ್ರ ಮದ್ಲ ಆ ಮನಷ್ಯಾನ್ನ ಕೇಳ್ರೀ. ಈಗೂ ಕರಸ್ಕೊಳ್ತಾನೇನು ಅಂತ.”

ಯಜಮಾನನಿಗೆ ಫೋನು ಮಾಡಿದೆ. ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದೆ. ಎಷ್ಟೋ ವರ್ಷಗಳ ನೌಕರಿಯಲ್ಲಿ ಯಾರಿಗೂ ಹೇಳದ ಮಾತು ಅದು.

“ಅಯ್ಯೋ, ಈಗ ಬೇಡ ಬೆನ್,” ಎಂದ. ಅದೇ ಮೃದು ದನಿ. “ನಿನ್ನೆ ನೀವು ಆಗಲ್ಲ ಅಂದ್ರಲ್ಲ, ರಾತ್ರಿ ಮನೆಯವರೆಲ್ಲ ಕೂತು ಮಾತಾಡಿದ್ವಿ. ಶೆಡ್ ತೆಗೆಸಿ ಕಾರು ನಿಲ್ಲಿಸೋ ಜಾಗ ಮಾಡಿಸ್ತೀವಿ. ಹಿಂದೆ ಮುಂದೆ ಕ್ಯಾಮೆರಾ. ಇನ್ನು ಕಾವಲಿನವರು ಬೇಡ. ನಿಮಗೆ ತೊಂದರೆ ಆಯ್ತು, ಕ್ಷಮಿಸಿ. ಗಾಳಿಪಟದ ಹಬ್ಬಕ್ಕೆ ಊರಿಗೆ ಬನ್ನಿ, ಊಟಕ್ಕೆ.”

ಹೀಗೆ ಒಂದೇ ವಾರದಲ್ಲಿ ನಾನು ಕೊಟ್ಟ ಮಾತನ್ನೂ ಮುರಿದೆ, ದಾಖಲೆ ತಿದ್ದಲೂ ಸಿದ್ಧಳಾದೆ. ಎರಡರಿಂದಲೂ ಯಾರಿಗೂ ಏನೂ ದಕ್ಕಲಿಲ್ಲ. ನಮೂನೆಯನ್ನು ತೆರೆಸುವ ಅಗತ್ಯ ಬೀಳಲಿಲ್ಲ. ಇದ್ದಂತೆಯೇ ಅದು ದೆಹಲಿಗೆ ಹೋಯಿತು.

ಕೊನೆಗೆ ನನ್ನಿಂದಾದದ್ದು ಒಂದು. ವಾರ ಮುಗಿದು ಅವರು ಸೂರತ್‌ನ ಕಡೆ ಕಟ್ಟಡದ ಕೆಲಸಕ್ಕೆ ಹೊರಟಾಗ ದೊಡ್ಡ ಹುಡುಗಿಯ ವರ್ಗಾವಣೆ ಪತ್ರವನ್ನು ಶಾಲೆಯಿಂದ ಕೊಡಿಸಿದೆ. ಅದಕ್ಕೂ ಹಾಲಿ ವಿಳಾಸ ಬರೆಯಬೇಕಿತ್ತು. ಮೇಷ್ಟ್ರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಊರಿನ ಹೆಸರು ಮಾತ್ರ ಬರೆಯಿರಿ ಎಂದೆ. ಹುಡುಗಿ ಪತ್ರವನ್ನು ಪುಸ್ತಕದ ನಡುವೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೋದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅವರು ಹೊರಡುವಾಗ ನಾನು ಕೊಟ್ಟಿದ್ದ ನಂಬರಿಗೆ ಆ ಹೆಂಗಸಿನ ಫೋನು ಬಂತು. ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು. ಹೊಸ ಶಾಲೆಯವರು ಪತ್ರದಲ್ಲಿ ಯಾವುದೋ ಮೊಹರು ಸರಿಯಿಲ್ಲ ಎನ್ನುತ್ತಿದ್ದಾರೆ, ಏನು ಮಾಡುವುದು ಎಂದು ಕೇಳಿದಳು. ಮೇಷ್ಟ್ರಿಗೆ ಹೇಳಿ ಸರಿಮಾಡಿಸಿ ಕಳಿಸುತ್ತೇನೆ ಎಂದೆ. ಎಲ್ಲಿದ್ದೀರಿ ಎಂದು ಕೇಳಿದೆ. ಹತ್ತು ಮಹಡಿ ಏಳುತ್ತಿರುವ ಕಟ್ಟಡದ ನೆಲಮಾಳಿಗೆಯಲ್ಲಿ, ಕೆಲಸ ಮುಗಿಯುವವರೆಗೆ, ಎಂದಳು. ಗಂಡನ ಕೆಮ್ಮು ಹಾಗೇ ಇತ್ತು.

ಇಡುವ ಮೊದಲು ಹೇಳಿದಳು: “ಮೊನ್ನೆ ಇಲ್ಲಿಗೂ ಒಬ್ಬರು ಬಂದಿದ್ರು ಬೆನ್. ನಿಮ್ಮ ಹಾಗೇ, ಕೊರಳಲ್ಲಿ ಚೀಟಿ, ಕೈಯಲ್ಲಿ ಆ ಹಲಗೆ. ಎಷ್ಟು ಜನ ಇದ್ದೀರಿ, ಎಂಥ ಮನೆ ಅಂತ ಕೇಳಿದ್ರು. ಯಾರಿಗೂ ಹೇಳಲ್ಲ ಅಂದ್ರು.”

“ನೀವೇನು ಹೇಳಿದಿರಿ?”

“ನಾವು ಇಲ್ಲಿ ಇರೋರಲ್ಲ, ನೆಂಟರನ್ನ ನೋಡೋಕೆ ಬಂದೋರು, ಸಂಜೆ ಹೋಗ್ತೀವಿ ಅಂದೆ. ಬರಕೊಳ್ಳದೆ ಹೋದ್ರು.” ಯಂತ್ರದ ಸದ್ದು ಒಂದು ಕ್ಷಣ ನಿಂತಿತು. “ಸರಿ ಮಾಡಿದೆನಾ ಬೆನ್?”

ಅವತ್ತು ನನ್ನ ಮೇಜಿನ ಮೇಲೆ ಹೊಸಬರ ತರಬೇತಿಯ ಹಾಳೆಗಳು ಹರಡಿದ್ದವು. ಎದುರಿನ ಸಾಲಿನಲ್ಲಿ ಆರು ಮಂದಿ ಕುಳಿತು ನಾನು ಮಾತು ಮುಗಿಸುವುದನ್ನೇ ಕಾಯುತ್ತಿದ್ದರು.

“ಸರಿ ಮಾಡಿದಿರಿ,” ಎಂದೆ.